14416ಕ್ಕೆ ಕರೆ ಮಾಡುವ ಮುನ್ನ ಅಜ್ಜನ ಮಾತ್ರೆ ಚೀಲ ತೆಗೆಯಿರಿ: ಟೆಲಿ-ಮಾನಸ್ ವಿಮರ್ಶೆ

ಶಿರಸಿ ಕಡೆಯ ಒಂಟಿಮನೆಯಿಂದ ಮನೋವೈದ್ಯರ ಹತ್ತಿರ ಹೋಗಿಬರುವುದೆಂದರೆ ಒಂದು ದಿನ ಹೋಯಿತೆಂದೇ ಲೆಕ್ಕ. ಮಳೆಗಾಲದಲ್ಲಿ ದೇವಿಮನೆ ಘಟ್ಟದಲ್ಲಿ ಗುಡ್ಡ ಕುಸಿದರೆ ಅದೂ ಇಲ್ಲ. ಹಾಗಾಗಿ 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಈ ಜಿಲ್ಲೆಗೆ ಹೇಳಿ ಮಾಡಿಸಿದಂತಿದೆ. ನಂಬರ್ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತು. ಮೊದಲು ಆಪ್ತಸಮಾಲೋಚಕರು ಸಿಗುತ್ತಾರೆ, ಬೇಕಾದರೆ ತಜ್ಞರಿಗೆ ದಾಟಿಸುತ್ತಾರೆ. ಆ್ಯಪ್ ಕೂಡ ಇದೆ; ಎಪ್ಪತ್ತು ದಾಟಿದವರಿಗೆ ನಂಬರೇ ಸಾಕು.

ತೊಡಕಿರುವುದು ಬೇರೆ ಕಡೆ. ಸಕ್ಕರೆ ಕಾಯಿಲೆ, ಬಿಪಿ ಇರುವ ಹಿರಿಯರು ‘ಖಿನ್ನತೆ’ ಎನ್ನುವುದಿಲ್ಲ. ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ, ಕೈಕಾಲು ಸೋಲು ಎನ್ನುತ್ತಾರೆ. ಥೈರಾಯ್ಡ್, ಕಿಡ್ನಿ ತೊಂದರೆಯಲ್ಲೂ, ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ನುಂಗಿ ಬಿ12 ಕಮ್ಮಿಯಾದಾಗಲೂ ಇದೇ ದೂರು. ಫೋನಿನಲ್ಲಿ ಇದು ಬಗೆಹರಿಯುವುದು ಕಷ್ಟ. ಅದಕ್ಕೇ ಹಿರಿಯರ ಖಿನ್ನತೆ ಅಳೆಯುವ 15 ಪ್ರಶ್ನೆಗಳ ಜಿಡಿಎಸ್ ಪಟ್ಟಿಯಲ್ಲಿ ಹಸಿವು, ನಿದ್ದೆಯ ಪ್ರಶ್ನೆಯೇ ಇಲ್ಲ, ಹೌದು-ಇಲ್ಲ ಎಂದರಾಯಿತು. ಅಂಕ 5 ದಾಟಿದರೆ ವೈದ್ಯರಿಗೆ ತೋರಿಸಬೇಕು. ತಾಳಮದ್ದಲೆ ಬಿಡದ ಮನುಷ್ಯ ಕರೆದರೂ ಏಳದಿದ್ದರೆ ಅದನ್ನೂ ಕರೆಯಲ್ಲಿ ಹೇಳಿ.

ಕರೆಗೆ ಮೊದಲು ಮಾತ್ರೆ ಚೀಲವನ್ನು ಮೇಜಿನ ಮೇಲೆ ಸುರುವಿ. ಪ್ರತಿ ಸ್ಟ್ರಿಪ್‌ನ ಹೆಸರು, ಮಿಲಿಗ್ರಾಂ, ಹೊತ್ತು ಬರೆದಿಡಿ. ಬಿಪಿ ಮಾತ್ರೆಯ ಹೆಸರಿನ ಕೊನೆಗೆ ‘ಎಚ್’ ಇದ್ದರೆ ಸಾಮಾನ್ಯವಾಗಿ ಅದರಲ್ಲಿ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಜೈಡ್ ಇರುತ್ತದೆ. ಅದರ ಜೊತೆ ಎಸಿಟಲೋಪ್ರಾಮ್, ಸರ್ಟ್ರಾಲಿನ್‌ನಂಥ ಖಿನ್ನತೆಯ ಮಾತ್ರೆ ಸೇರಿದರೆ ರಕ್ತದ ಸೋಡಿಯಂ ಲೀಟರಿಗೆ 135 ಮಿಲಿಮೋಲ್‌ಗಿಂತ ಕೆಳಗೆ ಇಳಿಯಬಹುದು, ಹೆಚ್ಚಾಗಿ ಮೊದಲ ಕೆಲವೇ ವಾರಗಳಲ್ಲಿ. ತಲೆನೋವು, ತೂರಾಟ, ಗೊಂದಲ ಶುರುವಾದರೆ ಮನೆಯವರು ‘ಅರಳುಮರಳು’ ಎಂದು ಸುಮ್ಮನಾಗುತ್ತಾರೆ. ಶುರುಮಾಡುವ ಮುಂಚೆ ಒಮ್ಮೆ, ಎರಡು ವಾರದ ನಂತರ ಒಮ್ಮೆ ಸೋಡಿಯಂ ಪರೀಕ್ಷೆ ಬೇಕೇ ಎಂದು ಕೇಳಿ. ಇವುಗಳ ಜೊತೆ ಆಸ್ಪಿರಿನ್, ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ರಕ್ತಸ್ರಾವದ ಭಯವೂ ಇದೆ. ಕಾಲುರಿಗೆ ಕೊಟ್ಟ ಅಮಿಟ್ರಿಪ್ಟಿಲಿನ್ ಪ್ರಾಸ್ಟೇಟ್ ದೊಡ್ಡದಾದವರಿಗೆ ಮೂತ್ರ ಕಟ್ಟಿಸಬಹುದು. ಆತಂಕ, ನಿದ್ದೆಗೆಂದು ಕೊಡುವ ಆಲ್ಪ್ರಜೋಲಾಂ ನುಂಗಿ ರಾತ್ರಿ ಬಚ್ಚಲಿಗೆ ಎದ್ದವರು ಬಿದ್ದು ಸೊಂಟ ಮುರಿದುಕೊಳ್ಳುವುದುಂಟು.

ಖಿನ್ನತೆಯ ಮಾತ್ರೆ ಹಿಡಿಯಲು 4ರಿಂದ 6 ವಾರ ಬೇಕು. ಹತ್ತೇ ದಿನಕ್ಕೆ ಬಿಡುವವರೂ ಇದ್ದಾರೆ. ನೇರ ತಪಾಸಣೆಗೆ ತಾಲೂಕು ಆಸ್ಪತ್ರೆಯ ಮಂಗಳವಾರದ ‘ಮನೋಚೈತನ್ಯ’ ಕ್ಲಿನಿಕ್ ಇದೆ. ಮನೋವೈದ್ಯರು ಆ ದಿನ ಬರುತ್ತಾರೋ ಎಂದು ಫೋನ್ ಮಾಡಿಯೇ ಹೊರಡಿ. ಸಕ್ಕರೆ ನೋಡುವ ವೈದ್ಯರಿಗೂ ಅದೇ ಚೀಟಿ ತೋರಿಸಿ. ಸಾಯುವ ಮಾತು ಬಂದರೆ ತಡಮಾಡದೆ ಆಸ್ಪತ್ರೆ, ತೋಟದ ಔಷಧಿ, ಮಾತ್ರೆ ಡಬ್ಬಿ ಬೀಗದೊಳಗೆ.

ಇನ್ನೊಂದು ಮಾತು. ಕಿವಿ ಮಂದವೆಂದು ಸ್ಪೀಕರ್ ಹಾಕಿ ಸೊಸೆ ಪಕ್ಕದಲ್ಲೇ ಕೂತರೆ ಅತ್ತೆ ‘ಎಲ್ಲ ಆರಾಮ್’ ಎಂದುಬಿಡುತ್ತಾರೆ. ಮಾತ್ರೆ ಪಟ್ಟಿ ಓದಿ, ಫೋನ್ ಕೈಗಿಟ್ಟು, ಜಗಲಿಗೆ ಹೋಗಿ ಕೂತುಕೊಳ್ಳಿ.