ಗುಜರಿಯ ಹಳೇ ವೆಲ್ಡಿಂಗ್ ಮೆಷಿನ್: ಅಂಗಡಿಯಲ್ಲಿ ಹಾರಿದ ಕಿಡಿ ನೋಡಿ ದುಡ್ಡು ಕೊಡಬೇಡಿ

ಗುಜರಿಯಿಂದ ದೊಡ್ಡ ವೆಲ್ಡಿಂಗ್ ಸೆಟ್ ತಂದು ರೆಡಿ ಮಾಡಿಕೊಳ್ಳೋಣ ಅಂತ ಯೋಚಿಸುತ್ತಿದ್ದರೆ, ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿಬಿಡಿ. ಅಂಗಡಿಯ ಹೆಸರು ಹಾಕುವುದಿಲ್ಲ. ಆ ಒಂದು ಅಂಗಡಿ ಬಿಟ್ಟರೆ ಸಾಕು ಅಂತ ನೀವು ಅಂದುಕೊಳ್ಳಬಾರದು.

ನನ್ನದು ಬೇಲೂರಿನ ಹತ್ತಿರ ಸಣ್ಣ ಶೆಡ್ಡು. ಗೇಟು, ಗ್ರಿಲ್, ಟ್ರಾಕ್ಟರ್ ಟ್ರೈಲರ್, ಕಾಫಿ ಕುಯ್ಲಿನ ಸಮಯದಲ್ಲಿ ಪಲ್ಪರ್ ರಿಪೇರಿ. ಹಾಸನದ ಒಂದು ಗುಜರಿಯಲ್ಲಿ ಆಯಿಲ್ ತುಂಬಿದ ಹಳೇ ಟ್ರಾನ್ಸ್‌ಫಾರ್ಮರ್ ಸೆಟ್ ಸಿಕ್ಕಿತು. ಎರಡು ಫೇಸ್ ಕೊಟ್ಟು 415 ವೋಲ್ಟ್‌ನಲ್ಲಿ ಓಡಿಸುವಂಥದ್ದು. ಮೈತುಂಬ ಹೊಸ ಹಸಿರು ಪೇಂಟ್. ನೇಮ್ ಪ್ಲೇಟ್ ಇರಲಿಲ್ಲ, ರಿವೆಟ್ ತೂತುಗಳಷ್ಟೇ ಉಳಿದಿದ್ದವು. "ಫ್ಯಾಕ್ಟರಿ ಮಾಲು ಅಣ್ಣ, ಒಳಗೆಲ್ಲ ತಾಮ್ರ, 300 ಆಂಪ್ಸ್, ನಿಮ್ಮ ಮಕ್ಕಳ ಕಾಲಕ್ಕೂ ಬರುತ್ತೆ" ಅಂದರು. ರಾಡ್ ಹಚ್ಚಿ, ಒಂದು ಪಟ್ಟಿಯ ಮೇಲೆ ಎರಡಿಂಚು ವೆಲ್ಡಿಂಗ್ ಎಳೆದು ತೋರಿಸಿದರು.

ಆ ಎರಡಿಂಚು ಇದೆಯಲ್ಲ, ಅದು ಬರೀ ತೋರಿಕೆ. ಅದರಿಂದ ಗೊತ್ತಾಗುವುದು ಒಂದೇ: ಒಳಗಿನ ಕಾಯಿಲ್ ಕಟ್ ಆಗಿಲ್ಲ. ಇನ್ಸುಲೇಷನ್ ಹೇಗಿದೆ, ಹತ್ತು ನಿಮಿಷ ಕೆಲಸ ಮಾಡಿದರೆ ಎಷ್ಟು ಬಿಸಿಯಾಗುತ್ತೆ, ಇದ್ಯಾವುದೂ ಗೊತ್ತಾಗುವುದಿಲ್ಲ. 60 ಪರ್ಸೆಂಟ್ ಡ್ಯೂಟಿ ಸೈಕಲ್ ಅಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಉರಿಸಬಹುದು ಅಂತ. ಆ ಲೆಕ್ಕ ಬರೆದಿರುವುದು ನೇಮ್ ಪ್ಲೇಟ್ ಮೇಲೆ. ಅದೇ ಇಲ್ಲದಿದ್ದರೆ 300 ಆಂಪ್ಸ್ ಅನ್ನುವುದು ಬಾಯಿಮಾತು.

ಶೆಡ್ಡಿಗೆ ತಂದು ಹಾಕಿದೆವು. ಸ್ವಿಚ್ ಒತ್ತಿದ ತಕ್ಷಣ ಇ.ಎಲ್.ಸಿ.ಬಿ. (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಬಿತ್ತು. ಮತ್ತೆ ಎತ್ತಿದರೆ ಮತ್ತೆ ಬಿತ್ತು. ಅಂಗಡಿಯವರಿಗೆ ಫೋನ್ ಮಾಡಿದರೆ ಬಂದ ಉತ್ತರಕ್ಕೆ ನನಗೆ ಇವತ್ತಿಗೂ ಸಿಟ್ಟು ಬರುತ್ತೆ. "ಹಳೇ ಮೆಷಿನ್‌ಗೆ ಅದೆಲ್ಲ ಆಗಲ್ಲ ಅಣ್ಣ, ಇ.ಎಲ್.ಸಿ.ಬಿ. ತೆಗೆದು ಡೈರೆಕ್ಟ್ ಕೊಡಿ." ಜೀವ ಉಳಿಸುವ ಸಾಮಾನನ್ನೇ ತೆಗೆಯಿರಿ ಅಂತ ಇಷ್ಟು ಸಲೀಸಾಗಿ ಹೇಳುತ್ತಾರೆ. ದೊಡ್ಡ ಟ್ರಾನ್ಸ್‌ಫಾರ್ಮರ್ ಆನ್ ಮಾಡಿದಾಗ ಒಂದು ಕ್ಷಣ ಜಾಸ್ತಿ ಕರೆಂಟ್ ಎಳೆಯುತ್ತೆ, ಅದಕ್ಕೆ ಎಂ.ಸಿ.ಬಿ. (ಕರೆಂಟ್ ಮಿತಿ ಮೀರಿದರೆ ಬೀಳುವ ಸ್ವಿಚ್) ಬಿದ್ದರೆ ಒಪ್ಪಬಹುದು. ಇ.ಎಲ್.ಸಿ.ಬಿ. ಪದೇ ಪದೇ ಬೀಳುತ್ತಿದೆ ಅಂದರೆ ಕರೆಂಟ್ ಎಲ್ಲೋ ಮೆಷಿನ್ನಿನ ಬಾಡಿಗೆ, ಅಂದರೆ ಹೊರಗಿನ ಕಬ್ಬಿಣದ ಮೈಗೆ, ಸೋರುತ್ತಿದೆ ಅಂತಲೇ ಮೊದಲು ನೋಡಬೇಕು.

ನಮ್ಮ ಚಿಕ್ಕಪ್ಪ ಮೋಟಾರ್ ರಿವೈಂಡಿಂಗ್ ಮಾಡಿ ಕೂದಲು ಹಣ್ಣು ಮಾಡಿಕೊಂಡವರು. ಇನ್ಸುಲೇಷನ್ ಅಳೆಯುವ 500 ವೋಲ್ಟ್‌ನ ಮೆಗ್ಗರ್ ತಂದರು. ಪ್ರೈಮರಿಯಿಂದ (ಲೈನ್ ಕರೆಂಟ್ ಬರುವ ಕಾಯಿಲ್) ಮೆಷಿನ್ನಿನ ಬಾಡಿಗೆ ಕಡಿಮೆ ಅಂದರೂ ಒಂದು ಮೆಗಾಓಮ್ ತೋರಿಸಬೇಕು, ಮುಳ್ಳು ಸೊನ್ನೆಯ ಪಕ್ಕದಲ್ಲೇ ಕೂತಿತ್ತು. ಪ್ರೈಮರಿಯಿಂದ ಸೆಕೆಂಡರಿಗೆ (ರಾಡ್‌ಗೆ ಕರೆಂಟ್ ಕೊಡುವ ಕಾಯಿಲ್) ನೋಡಿದರೂ ಅದೇ ಕಥೆ. "ಬಾಡಿಗೆ ಅರ್ಥ್ ಇದ್ರೆ ಆ ಸೋರಿಕೆ ಹೇಗೋ ಆಗುತ್ತೆ ಮಗ, ಎರಡು ಕಾಯಿಲ್ ನಡುವಿನ ಇದು ನೋಡು ಯಮ" ಅಂದರು. ರಾಡ್ ಮುಟ್ಟಿಸದೆ ಸುಮ್ನೆ ಹಿಡಿದಾಗ ಹೋಲ್ಡರ್‌ನಲ್ಲಿ 70-80 ವೋಲ್ಟ್ ಇರುತ್ತೆ. ಒದ್ದೆ ಕೈಗೆ ಅದೇ ಅಪಾಯ. ಇನ್ನು ಎರಡು ವೈಂಡಿಂಗ್ (ಕಾಯಿಲ್) ನಡುವಿನ ಇನ್ಸುಲೇಷನ್ ಹೋದರೆ, ಕೈಯಲ್ಲಿರುವ ಹೋಲ್ಡರ್‌ಗೆ ನೆಲಕ್ಕೆ ಹೋಲಿಸಿದರೆ 240 ವೋಲ್ಟ್ ಬಂದುಬಿಡಬಹುದು. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ ಯಾವಾಗ ಒಣಗಿರುತ್ತೆ ಹೇಳಿ?

ಇಷ್ಟಾದರೂ ಬಿಡಲು ಮನಸ್ಸಿರಲಿಲ್ಲ. ಚೈನ್ ಬ್ಲಾಕ್ ಹಾಕಿ ಕೋರ್ (ಕಾಯಿಲ್ ಸುತ್ತಿರುವ ಕಬ್ಬಿಣದ ಭಾಗ) ಮೇಲೆತ್ತಿದೆವು. ಟ್ಯಾಂಕಿನ ತಳದಲ್ಲಿ ನೀರು, ಅದರ ಮೇಲೆ ಕಪ್ಪು ಜಿಡ್ಡು. ಎಣ್ಣೆ ಬಸಿದು, ಕೋರ್ ಸುತ್ತ ತಗಡು ಮುಚ್ಚಿ, ಒಳಗೆ 200 ವ್ಯಾಟ್ ಬಲ್ಬುಗಳನ್ನು ಉರಿಸಿ ಒಣಗಿಸಿದೆವು. ಇಲ್ಲಿ ಒಂದು ವಿಷಯ ಗೊತ್ತಿರಲಿ: ಬಿಸಿ ಏರುವಾಗ ಮೆಗ್ಗರ್ ರೀಡಿಂಗ್ ಮೊದಲು ಇನ್ನೂ ಇಳಿಯುತ್ತೆ, ತೇವ ಹೊರಟ ಮೇಲೆ ನಿಧಾನವಾಗಿ ಏರುತ್ತೆ. ಇಳಿದದ್ದು ನೋಡಿ ಕೈಬಿಡಬಾರದು. ಬಾಡಿಯ ರೀಡಿಂಗ್ ಹಾಗೇ ಏರಿ ಸರಿಹೋಯಿತು. ಎರಡು ವೈಂಡಿಂಗ್ ನಡುವಿನದು ಮಾತ್ರ ಏಳಲೇ ಇಲ್ಲ. ಅಲ್ಲಿ ಪೇಪರ್ ಸುಟ್ಟು ಇದ್ದಿಲಾಗಿತ್ತು. ಇದ್ದಿಲಲ್ಲಿ ಕರೆಂಟ್ ಹರಿಯುತ್ತೆ. ತೇವವನ್ನು ಒಣಗಿಸಬಹುದು, ಇದ್ದಿಲನ್ನು ಏನು ಮಾಡುತ್ತೀರಿ? ರಿವೈಂಡಿಂಗ್ ಬಿಟ್ಟು ಬೇರೆ ದಾರಿ ಇಲ್ಲ.

ಬಿಚ್ಚಿದಾಗ ಇನ್ನೊಂದು ಬಣ್ಣವೂ ಬಯಲಾಯಿತು. ಹೊರಗೆ ಕಾಣುವ ತುದಿ ಮಾತ್ರ ತಾಮ್ರ, ಒಳಗಿನ ಸುತ್ತೆಲ್ಲ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಸೆಟ್ ಅಂದರೆ ಕೆಟ್ಟದ್ದು ಅಂತಲ್ಲ, ಅದಕ್ಕೆ ತಕ್ಕ ದಪ್ಪ ಇಟ್ಟಿದ್ದರೆ ಚೆನ್ನಾಗಿಯೇ ಓಡುತ್ತೆ. ಆದರೆ ನಾನು ಕೊಟ್ಟದ್ದು ತಾಮ್ರದ ರೇಟು. ರಿವೈಂಡಿಂಗ್‌ಗೆ ಹೇಳಿದ ಖರ್ಚು, ಹೊಸ ಎಣ್ಣೆ, ಎಲ್ಲ ಸೇರಿಸಿದರೆ ಹೊಸ ಇನ್ವರ್ಟರ್ ವೆಲ್ಡಿಂಗ್ ಮೆಷಿನ್ ಬಂದು ಇನ್ನೂ ದುಡ್ಡು ಮಿಗುತ್ತಿತ್ತು.

ವಾಪಸ್ ಕೊಡಲು ಹೋದರೆ ಅಂಗಡಿಯವರು ಬಿಲ್ ತೋರಿಸಿದರು. ಅದರಲ್ಲಿ ಬರೆದದ್ದು "ಹಳೇ ಕಬ್ಬಿಣ, ಗುಜರಿ", ಮುಂದೆ ಕೆಜಿ ಲೆಕ್ಕ. "ನಾನು ತೂಕಕ್ಕೆ ಕೊಟ್ಟದ್ದು, ಮೆಷಿನ್ ಅಂತ ಎಲ್ಲಿ ಬರೆದಿದೆ?" 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಕೊಂಡ ಸಾಮಾನಿಗೂ ದೂರು ಕೊಡಬಹುದು. ಆದರೆ ಕಾಗದವೇ ಗುಜರಿ ಅನ್ನುತ್ತಿದ್ದರೆ ವಾದ ಮಾಡುವುದು ಕಷ್ಟ, ಅಲ್ವಾ? ಬಿಲ್‌ನಲ್ಲಿ "ವೆಲ್ಡಿಂಗ್ ಮೆಷಿನ್, ಚಾಲೂ ಸ್ಥಿತಿ, ತಾಮ್ರದ ವೈಂಡಿಂಗ್, ಇಷ್ಟು ಆಂಪ್ಸ್" ಅಂತ ಬರೆಸಿ. ಬರೆಯಲು ಒಪ್ಪದಿದ್ದರೆ ಗುಜರಿ ರೇಟಿಗಿಂತ ಒಂದು ರೂಪಾಯಿ ಜಾಸ್ತಿ ಕೊಡಬೇಡಿ. ಮೆಗ್ಗರ್ ಹಿಡಿದವರನ್ನು ಜೊತೆಗೆ ಕರೆದುಕೊಂಡು ಹೋಗಿ. ಸಾಧ್ಯವಾದರೆ ಮಳೆಗಾಲದಲ್ಲೇ ಹೋಗಿ, ಬೇಸಿಗೆಯಲ್ಲಿ ತೇವ ಒಣಗಿ ಎಲ್ಲ ಮೆಷಿನ್ನೂ ಒಳ್ಳೆಯದಾಗಿಯೇ ಕಾಣುತ್ತೆ.

ನಿಮ್ಮ ಲೋಡ್ ಕೂಡ ನೋಡಿಕೊಳ್ಳಿ. 80 ವೋಲ್ಟ್‌ನ ಸೆಟ್‌ನಲ್ಲಿ 300 ಆಂಪ್ಸ್ ತೆಗೆದರೆ 24 ಕೆ.ವಿ.ಎ., ಅಂದರೆ 415 ವೋಲ್ಟ್ ಲೈನ್‌ನಿಂದ ಸುಮಾರು 58 ಆಂಪ್ಸ್. ಹತ್ತು ನಂಬರ್ ರಾಡ್‌ಗೆ 120 ಆಂಪ್ಸ್ ಇಟ್ಟರೂ 23 ಆಂಪ್ಸ್ ಬೇಕು. ಐದು ಎಚ್.ಪಿ. ಸ್ಯಾಂಕ್ಷನ್ ಇರುವ ಶೆಡ್ಡಿಗೆ ಇದು ಭಾರ. "ತೋಟದ ಪಂಪ್‌ಸೆಟ್ ಲೈನಿಗೆ ಕೊಟ್ಟುಬಿಡು, ಬಿಲ್ಲೂ ಇಲ್ಲ" ಅಂತ ಸಲಹೆ ಕೊಡುವ ಮಹನೀಯರು ಎಲ್ಲ ಊರಲ್ಲೂ ಇರುತ್ತಾರೆ. 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಹಾಗೆ ಬಳಸಿದರೆ ಎರಡು ಪಟ್ಟು ದರ ಕಟ್ಟಬೇಕಾಗುತ್ತೆ.

ಕೊನೆಗೆ ಆ ಎಣ್ಣೆಯ ವಿಷಯ. ಬೇಲಿ ಕಂಬಕ್ಕೆ ಗೆದ್ದಲು ಹಿಡಿಯದಂತೆ ಬಳಿಯಲು ಕೊಡಿ ಅಂತ ಅಕ್ಕಪಕ್ಕದವರು ಕೇಳಿದರು. ಕೊಡಲಿಲ್ಲ. ಬಹಳ ಹಳೇ ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್‌ಗಳ ಎಣ್ಣೆಯಲ್ಲಿ ಪಿ.ಸಿ.ಬಿ. ಅನ್ನುವ ವಿಷ ಇರಬಹುದು. ಮಣ್ಣಿಗೆ ಸೇರಿದರೆ ವರ್ಷಗಟ್ಟಲೆ ಹೋಗುವುದಿಲ್ಲ. ನಮ್ಮ ದೇಶದಲ್ಲಿ 2016ರ ಆದೇಶ ಅದರ ತಯಾರಿಕೆ, ಆಮದು ಎರಡನ್ನೂ ನಿಷೇಧಿಸಿದೆ. ಗ್ಲೌಸ್ ಹಾಕಿ ಒಂದು ಹನಿಯನ್ನು ಲೋಟದ ನೀರಿಗೆ ಬಿಡಿ. ಮುಳುಗಿದರೆ ಮೆಷಿನ್ ಮುಟ್ಟಲೇಬೇಡಿ. ತೇಲಿದರೂ ಸ್ವಲ್ಪ ಬೆರಕೆ ಇರಬಹುದು, ಲ್ಯಾಬ್‌ನಲ್ಲಿ ಮಾತ್ರ ಗೊತ್ತಾಗುತ್ತೆ. ನಮ್ಮದು ತೇಲಿತು. ಆದರೂ ಡ್ರಮ್‌ಗೆ ಮುಚ್ಚಳ ಬಿಗಿದು, ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ ಇರುವ ಹಳೇ ಎಣ್ಣೆ ಕೊಳ್ಳುವವರಿಗೇ ಕೊಟ್ಟೆವು.