ಟ್ಯಾಗ್ ಇಲ್ಲದ ಟೀ-ಶರ್ಟ್: ಹಳೇ ಲಾಟ್‌ಗೆ ಐದು ಸ್ಟಾರ್, ಹೊಸದಕ್ಕೆ ಎರಡು

ಟ್ಯಾಗ್‌ಲೆಸ್ ಅಂತ ಮಾರುವ ಎಷ್ಟೋ ಬಟ್ಟೆಗಳಲ್ಲೂ ಟ್ಯಾಗ್ ಇರುತ್ತದೆ. ಕತ್ತಿನ ಹಿಂದೆ ಇರಲ್ಲ, ಅಷ್ಟೇ. ಸೊಂಟದ ಹತ್ತಿರ, ಒಳಗಡೆ, ಎಡ ಪಕ್ಕದ ಹೊಲಿಗೆಗೆ ಸಿಕ್ಕಿಸಿದ ಬಿಳೀ ನುಣುಪು ಪಟ್ಟಿ. ತಣ್ಣೀರಲ್ಲಿ ಒಗೆಯಿರಿ, ಬ್ಲೀಚ್ ಹಾಕಬೇಡಿ ಅಂತ ಅದರ ಮೇಲೆ ಬರೆದಿರುತ್ತಾರೆ. ಎಷ್ಟೋ ಜನಕ್ಕೆ ಅದು ಅಲ್ಲಿರುವುದೇ ಗೊತ್ತಾಗಲ್ಲ. ನನಗೆ ಅದೊಂದು ಬಿಟ್ಟರೆ ಬೇರೇನೂ ಗೊತ್ತಾಗಲ್ಲ. ಆಫೀಸಿನಲ್ಲಿ ಮೀಟಿಂಗ್ ನಡೆಯುತ್ತಿರುತ್ತದೆ, ನನ್ನ ಗಮನವೆಲ್ಲ ಎಡ ಸೊಂಟದ ಮೇಲೆ.

ನಾನು ಆಟಿಸ್ಟಿಕ್. ಚಿಕ್ಕಂದಿನಿಂದಲೂ ಬಟ್ಟೆ ನಮ್ಮ ಮನೆಯಲ್ಲಿ ಜಗಳದ ವಿಷಯ. ಹಬ್ಬಕ್ಕೆ ನೆಟ್ ಹಚ್ಚಿದ ಫ್ರಾಕ್ ಹಾಕಿದರೆ ಮಂಗಳಾರತಿ ಮುಗಿಯುವ ಮುಂಚೆಯೇ ಬಿಚ್ಚಿ ಎಸೆದಿರುತ್ತಿದ್ದೆ. "ಊರಲ್ಲಿರೋ ಮಕ್ಕಳೆಲ್ಲ ಹಾಕ್ಕೊಳ್ತಾರೆ, ನಿಂಗೊಬ್ಳಿಗೇ ಚುಚ್ಚುತ್ತೇನೇ?" ಅಂತ ಅಮ್ಮ ಬೈಯುತ್ತಿದ್ದಳು. ಹೌದು, ಚುಚ್ಚುತ್ತಿತ್ತು. ಆಟಿಸಂ ಗುರುತಿಸಲು ಡಾಕ್ಟರುಗಳು ನೋಡುವ ಕೈಪಿಡಿಗಳಲ್ಲಿ ಡಿಎಸ್‌ಎಂ-5 ಒಂದು. 2013ರಲ್ಲಿ ಬಂದದ್ದು. ಕೆಲವು ಸದ್ದು, ಕೆಲವು ಸ್ಪರ್ಶ ತಡೆಯಲಾಗದಷ್ಟು ತಟ್ಟುವುದನ್ನೂ ಅದರಲ್ಲಿ ಲಕ್ಷಣ ಅಂತ ಸೇರಿಸಿದ್ದಾರೆ. ಅಮ್ಮನಿಗೆ ಓದಿ ಹೇಳಿದೆ. "ಆಗ ಯಾರಿಗೆ ಗೊತ್ತಿತ್ತು ಬಿಡು" ಅಂದಳು.

ಬಟ್ಟೆ ಹಾಕಿಕೊಂಡ ಸ್ವಲ್ಪ ಹೊತ್ತಿಗೆ ಬೇರೆಯವರಿಗೆ ಅದು ಮೈಮೇಲಿರುವುದೇ ಮರೆತುಹೋಗುತ್ತದಂತೆ. ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ಕೂಡ ಆಟಿಸ್ಟಿಕ್, ಪಶುವಿಜ್ಞಾನದ ಪ್ರೊಫೆಸರ್. ಹೊಸ ಬಗೆಯ ಒಳಉಡುಪು ತಮಗೆ ಪೂರ್ತಿ ಒಗ್ಗಲು ಮೂರು-ನಾಲ್ಕು ದಿನ ಬೇಕು ಅಂತ ಅವರು ಬರೆದಿದ್ದಾರೆ. ನನಗೆ ಕೆಲವು ಒಗ್ಗುವುದೇ ಇಲ್ಲ.

ಈಗ ಟೀ-ಶರ್ಟ್ ವಿಷಯಕ್ಕೆ ಬರ್ತೀನಿ. ಒಂದಕ್ಕೆ 549 ರೂಪಾಯಿ. ಬನಿಯನ್ ರೇಟಿಗೆ ಹೋಲಿಸಿದರೆ ಜಾಸ್ತಿನೇ. ನಾನು ತಗೊಳ್ಳುವುದು ಗಂಡಸರ ಸೆಕ್ಷನ್ನಿನದು, ಯಾಕೆಂದರೆ ಹೆಂಗಸರದಕ್ಕೆ ಲೈಕ್ರಾ ಸೇರಿಸಿ ಮೈಗೆ ಅಂಟುವ ಹಾಗೆ ಮಾಡಿಟ್ಟಿದ್ದಾರೆ. ಇದು ಪೂರ್ತಿ ಕಾಟನ್. ಬಣ್ಣ, ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ಅನ್ನುವ ಲೆಕ್ಕ) ಎಲ್ಲ ಕಂಪನಿಯ ಪೇಜಿನಲ್ಲೇ ಇದೆ, ನೋಡಿಕೊಳ್ಳಿ. ಅಲ್ಲಿ ಬರೆಯದೇ ಇರುವ ವಿಷಯ ಒಂದಿತ್ತು: ಇದಕ್ಕೆ ಪಕ್ಕದ ಹೊಲಿಗೆಯೇ ಇರಲಿಲ್ಲ! ಬಟ್ಟೆಯನ್ನು ಗುಂಡಗೆ ಹೆಣೆದು, ತೋಳು ಮತ್ತು ಕತ್ತನ್ನು ಮಾತ್ರ ಕೂಡಿಸಿದ್ದರು. ಕಂಕುಳಿಂದ ಕೆಳಗೆ ಕೈ ಆಡಿಸಿದರೆ ಎಲ್ಲೂ ತಡೆಯುತ್ತಿರಲಿಲ್ಲ. ಹೊಲಿಗೆ ಇಲ್ಲದ ಮೇಲೆ ಟ್ಯಾಗ್ ಸಿಕ್ಕಿಸುವುದಕ್ಕೆ ಜಾಗ ಎಲ್ಲಿ? ಸೈಜು, ಒಗೆಯುವ ವಿಧಾನ ಎಲ್ಲವನ್ನೂ ಕತ್ತಿನ ಒಳಗೆ ತೆಳುವಾಗಿ ಪ್ರಿಂಟ್ ಮಾಡಿದ್ದರು. ಎರಡು ವರ್ಷ ಮನೆಯಲ್ಲಿ ಅದೇ, ಆಫೀಸಿಗೆ ಕುರ್ತಾ ಒಳಗೆ ಅದೇ, ರಾತ್ರಿ ಮಲಗುವಾಗಲೂ ಅದೇ. ಮದುವೆ ಮನೆಗೆ ಮಾತ್ರ ಹಾಕಲಾಗಲಿಲ್ಲ. ಜರಿ ಅಂಚಿನ ಕಥೆ ಇನ್ನೊಂದು ಸಲ.

ಒಗೆಯುವುದರಲ್ಲಿ ನಂದೊಂದು ಪದ್ಧತಿ ಇದೆ. ಹೊಸದನ್ನು ರಾತ್ರಿಯಿಡೀ ಬರೀ ನೀರಲ್ಲಿ ನೆನೆಸುತ್ತೇನೆ, ಅಂಗಡಿ ವಾಸನೆ ಹೋಗಬೇಕು. ತುಮಕೂರಿನಲ್ಲಿ ನಮ್ಮ ಬೋರ್‌ವೆಲ್ ನೀರು ಸಿಕ್ಕಾಪಟ್ಟೆ ಗಡಸು. ಸೋಪು ನೊರೆ ಬರಲ್ಲ, ಜಾಲಾಡಿದ ಮೇಲೂ ಸೋಪು, ಸುಣ್ಣದಂಶ ಎಳೆಗಳಲ್ಲೇ ಉಳಿದು ಬಟ್ಟೆ ಒರಟಾಗುತ್ತದೆ. ಅದಕ್ಕೇ ಮಹಡಿಯ ಪೈಪಿನ ಕೆಳಗೆ ಒಂದು ಡ್ರಮ್ ಇಟ್ಟಿದ್ದೇನೆ. ಮಳೆ ಬಂದ ವಾರ ಕೊನೆಯ ಜಾಲಾಟ ಆ ನೀರಿನಲ್ಲಿ. ವ್ಯತ್ಯಾಸ ಬೆರಳಿಗೇ ಗೊತ್ತಾಗುತ್ತದೆ. ಕಂಫರ್ಟ್ ಥರದ ಫ್ಯಾಬ್ರಿಕ್ ಕಂಡಿಷನರ್ ಬೇಡವೇ ಬೇಡ, ಆ ಪರಿಮಳ ಇನ್ನೊಂದು ತಲೆನೋವು. ಹಿಂಡಿ, ಜೋರಾಗಿ ಕೊಡವಿ, ಒಳಗಿನದು ಹೊರಗೆ ಮಾಡಿ ನೆರಳಲ್ಲಿ ಹರವುತ್ತೇನೆ. ಗಾಳಿಯಿಲ್ಲದ ಬಿಸಿಲಲ್ಲಿ ಹಾಕಿದರೆ ಸೆಟೆದುಕೊಳ್ಳುತ್ತದೆ. ಆಮೇಲೆ ಕೆನ್ನೆಗೆ ಒತ್ತಿ ನೋಡುವುದು. ಕೆನ್ನೆ ಒಪ್ಪಿದರೆ ಕಪಾಟಿಗೆ, ಇಲ್ಲದಿದ್ದರೆ ಇನ್ನೊಂದು ಸಲ ಬಕೆಟ್ಟಿಗೆ.

ಇಷ್ಟಕ್ಕೆ ನಿಲ್ಲಿಸಿದ್ದರೆ ಇದು ಹೊಗಳಿಕೆಯ ವಿಮರ್ಶೆ ಆಗುತ್ತಿತ್ತು. ಈ ಯುಗಾದಿಗೆ ಮತ್ತೆ ನಾಲ್ಕು ತರಿಸಿದೆ. ಅದೇ ಹೆಸರು, ಅದೇ ಫೋಟೋ, ಅದೇ ಬೆಲೆ. ನೆನೆಸಲು ಬಕೆಟ್ಟಿಗೆ ಹಾಕುವಾಗ ಕೈಗೆ ಸಿಕ್ಕಿತು ಪಕ್ಕದ ಹೊಲಿಗೆ. ಈಗ ಮುಂದೊಂದು ತುಂಡು, ಹಿಂದೊಂದು ತುಂಡು, ಎರಡನ್ನೂ ಗರಗರ ಎನ್ನುವ ದಾರದಲ್ಲಿ ಓವರ್‌ಲಾಕ್ ಮಾಡಿದ್ದಾರೆ. ಆ ಹೊಲಿಗೆಯಲ್ಲಿ ಆ ಬಿಳೀ ಪಟ್ಟಿ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ "ಮೇಡಂ, ಕತ್ತರಿಯಲ್ಲಿ ಕಟ್ ಮಾಡ್ಕೊಳ್ಳಿ" ಅಂತ ಬಲು ವಿನಯದಿಂದ ಹೇಳಿದರು. ಕತ್ತರಿಸಿದರೆ ಹೊಲಿಗೆಯೊಳಗೆ ಒಂದೆರಡು ಮಿಲಿಮೀಟರ್ ಉಳಿಯುತ್ತದೆ. ಪೂರ್ತಿ ಪಟ್ಟಿ ಇದ್ದಾಗ ಅದಾದರೂ ಬಾಗುತ್ತಿತ್ತು. ಮೊಂಡು ತುದಿ ಬಾಗಲ್ಲ, ಮೀನಿನ ಸಣ್ಣ ಮುಳ್ಳಿನ ಹಾಗೆ ಚರ್ಮಕ್ಕೆ ನೆಡುತ್ತದೆ. ಉಣ್ಣೆಯದೂ ಇದೇ ಲೆಕ್ಕ: ಎಳೆ ಸುಮಾರು 30 ಮೈಕ್ರಾನ್‌ಗಿಂತ (ಒಂದು ಮಿಲಿಮೀಟರ್ ಅಂದರೆ ಸಾವಿರ ಮೈಕ್ರಾನ್) ದಪ್ಪವಾದರೆ ಅದರ ತುದಿ ಬಾಗದೆ ಚುಚ್ಚುತ್ತದೆ. ಚಳ್ಳಕೆರೆ ಕಂಬಳಿಯ ಭಾರ ನನಗೆ ತುಂಬಾ ಇಷ್ಟ, ಆದರೆ ನಡುವೆ ಒಂದು ಹಳೇ ಪಂಚೆ ಇರಲೇಬೇಕು. ಭಾರ ಒಗ್ಗುತ್ತದೆ, ಚುಚ್ಚುವುದು ಒಗ್ಗಲ್ಲ. ಇದನ್ನು ಫೋನಿನಲ್ಲಿ ಹೇಗೆ ಹೇಳೋದು? ನೀರಿಗೆ ಹಾಕಿದ್ದನ್ನು ವಾಪಸ್ ತಗೊಳ್ಳಲ್ಲ ಅಂದರು. ಇಟ್ಟೆ ಫೋನು.

ನಮ್ಮ ಬೀದಿಯ ಟೈಲರ್ ಅಕ್ಕ ದಾರಿ ತೋರಿಸಿದರು. ಬ್ಲೇಡಿನ ಮೂಲೆಯಿಂದ ಎರಡು ಇಂಚು ಹೊಲಿಗೆ ಬಿಚ್ಚಿ, ಪಟ್ಟಿಯನ್ನು ಬುಡಸಮೇತ ಎಳೆದು ತೆಗೆದು, ಕಾಟನ್ ದಾರದಲ್ಲಿ ಮತ್ತೆ ಹಾಕಿಕೊಟ್ಟರು. ಒಂದಕ್ಕೆ 20 ರೂಪಾಯಿ. ಯಾಕೆ ಏನು ಅಂತ ಕೇಳಲಿಲ್ಲ. "ನಮ್ಮ ಮೊಮ್ಮಗನೂ ಹಿಂಗೇ, ಚಡ್ಡಿ ತಿರುಗಿಸಿ ಹಾಕಿದ್ರೇನೇ ಸುಮ್ನಿರೋದು" ಅಂದರು, ಅಷ್ಟೇ. ಟ್ಯಾಗ್ ಹೋಯಿತು, ಉದ್ದದ ಹೊಲಿಗೆ ಉಳಿಯಿತು. ಈಗ ಮನೆಯಲ್ಲಿ ಅವನ್ನು ತಿರುಗಿಸಿಯೇ ಹಾಕಿಕೊಳ್ಳುತ್ತೇನೆ. ಕುರ್ತಾ ಒಳಗೆ ಹೇಗಿದ್ದರೂ ಕಾಣಲ್ಲ ಅಲ್ವಾ. ಅದಕ್ಕೇ ಎರಡು ಸ್ಟಾರ್, ಒಂದಲ್ಲ.

ಬಟ್ಟೆ ಮಾತ್ರ ಈಗಲೂ ಚೆನ್ನಾಗಿದೆ. ಹೊಲಿಗೆಯಿಂದ ತೊಂದರೆ ಆಗದವರು ಧಾರಾಳವಾಗಿ ತಗೊಳ್ಳಿ. ನನ್ನಂಥವರು, ಅಥವಾ ಮನೆಯಲ್ಲಿ ನನ್ನಂಥ ಮಗು ಇರುವವರು ಒಂದೇ ಸಲ ನಾಲ್ಕು ತರಿಸಬೇಡಿ. ಒಂದು ತರಿಸಿ, ನೀರಿಗೆ ಹಾಕುವ ಮುಂಚೆ ಪಕ್ಕಕ್ಕೆ ಕೈ ಆಡಿಸಿ, ಹೊಲಿಗೆ ಸಿಕ್ಕರೆ ಹಾಗೇ ಮಡಿಸಿ ವಾಪಸ್ ಕಳಿಸಿ. ಇನ್ನು ಯಾರ ಊರಿನ ಅಂಗಡಿಯಲ್ಲಾದರೂ ಹಳೇ ಲಾಟ್ ಉಳಿದಿದ್ದರೆ ಕೆಳಗೆ ತಿಳಿಸಿ. ಎಲ್ ಸೈಜು, ಬಣ್ಣ ಯಾವುದಾದರೂ ಆಗುತ್ತದೆ.