ಹಳೆಯ ಪೋರ್ಷೆ ಕೇಮನ್ ಎಸ್: 2008ರವರೆಗಿನದೋ, 2009ರ ನಂತರದ್ದೋ?

ಚಿಕ್ಕಮಗಳೂರಿನ ತೋಟದ ಮನೆಯೊಂದರ ಶೆಡ್ಡಿನಲ್ಲಿರುವ ಸೆಕೆಂಡ್ ಹ್ಯಾಂಡ್ ಕೇಮನ್ ಎಸ್ ಸ್ಪೋರ್ಟ್ಸ್ ಕಾರನ್ನು ಕೊಳ್ಳಲು ಹೊರಟವರು ಬಣ್ಣ, ಸೀಟುಗಳಿಗಿಂತ ಮೊದಲು ಮಾದರಿ ವರ್ಷವನ್ನು ಖಚಿತಪಡಿಸಿಕೊಳ್ಳಬೇಕು. 2008ರವರೆಗಿನ ಎಂಜಿನ್ನೂ 2009ರಿಂದ 2016ರವರೆಗಿನದ್ದೂ ಎರಡೂ 3.4 ಲೀಟರಿನವೇ ಆದರೂ ಒಳಗಿನ ರಚನೆ ಪೂರ್ತಿ ಬೇರೆ.

ಹಳೆಯದರಲ್ಲಿ ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ಕ್ಯಾಮ್‌ಗಳಿಗೆ ಚಾಲನೆ ಒಯ್ಯುವ ಮಧ್ಯಂತರ ಶಾಫ್ಟ್ ಎಂಬ ದಂಡ ಇದ್ದು, ಅದರ ಬೇರಿಂಗ್ ಮುರಿದರೆ ವಾಲ್ವ್‌ಗಳು ತೆರೆದು ಮುಚ್ಚುವ ಹೊತ್ತು ತಪ್ಪಿ ಎಂಜಿನ್ನೇ ಹಾಳಾಗಬಹುದು. 2006ರ ನಂತರದ ದೊಡ್ಡ ಬೇರಿಂಗ್ ಕೈಕೊಡುವುದು ಅಪರೂಪ, ಆದರೆ ಎಂಜಿನ್ ಪೂರ್ತಿ ಬಿಚ್ಚದೆ ಅದನ್ನು ಬದಲಿಸಲಾಗದು. ನನಗೆ ಹೆಚ್ಚು ಆತಂಕವಿರುವುದು ಸಿಲಿಂಡರ್ ಗೋಡೆಯಲ್ಲಿ ಬೀಳುವ ಗೀರುಗಳ ಬಗ್ಗೆ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಟಕಟಕ ಸದ್ದು, ಹೆಚ್ಚುವ ಆಯಿಲ್ ಖರ್ಚು, ಸೈಲೆನ್ಸರ್ ಬಾಯಲ್ಲಿ ದಟ್ಟ ಮಸಿ ಇವು ಅದರ ಸುಳಿವುಗಳು. ನಿಶ್ಚಯವಾಗಬೇಕಾದರೆ ಆರೂ ಸಿಲಿಂಡರ್‌ಗಳೊಳಗೆ ಬೋರ್‌ಸ್ಕೋಪ್ (ತೆಳು ಕೊಳವೆಯ ತುದಿಯ ಪುಟ್ಟ ಕ್ಯಾಮೆರಾ) ಇಳಿಸಿ ನೋಡಲೇಬೇಕು. ಆಯಿಲ್ ಫಿಲ್ಟರಿನ ಮಡಿಕೆಗಳನ್ನೂ ಬಿಡಿಸಿ ಬಿಸಿಲಿಗೆ ಹಿಡಿಯಿರಿ: ಲೋಹದ ಪುಡಿ ಮಿನುಗಿದರೆ ಮಾತುಕತೆ ಅಲ್ಲಿಗೇ ನಿಲ್ಲಲಿ.

2009ರ ನಂತರದ ಎಂಜಿನ್ನಿನಲ್ಲಿ ಮಧ್ಯಂತರ ಶಾಫ್ಟೇ ಇಲ್ಲ. ಪೆಟ್ರೋಲನ್ನು ಸಿಲಿಂಡರಿನೊಳಗೇ ಚಿಮ್ಮಿಸುವ ನೇರ ಇಂಜೆಕ್ಷನ್ ಇರುವುದರಿಂದ, ಪೆಟ್ರೋಲ್ ತಾಗಿ ತೊಳೆಯದ ಇನ್‌ಟೇಕ್ (ಗಾಳಿ ಒಳಬಿಡುವ) ವಾಲ್ವ್‌ಗಳ ಮೇಲೆ ಕಾರ್ಬನ್ ಕಟ್ಟುವುದನ್ನು ಗಮನಿಸಿದರೆ ಸಾಕು.

ಯಾವುದೇ ಆದರೂ, ರಾತ್ರಿಯಿಡೀ ನಿಂತ ಕಾರನ್ನು ಬೆಳಗಿನ ಚಳಿಯಲ್ಲಿ ನಿಮ್ಮೆದುರಿಗೇ ಸ್ಟಾರ್ಟ್ ಮಾಡಿಸಿ. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ಎಷ್ಟೋ ದೋಷಗಳನ್ನು ಮರೆಮಾಚುತ್ತದೆ. ಆಮೇಲೆ ಚಾರ್ಮಾಡಿ ಘಾಟಿಯ ಏರಿನಲ್ಲಿ ಓಡಿಸಿ, ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಉಷ್ಣತೆ ಸ್ಥಿರವಾಗಿದೆಯೇ ನೋಡಿ. ಬೆಲೆ ಹೆಚ್ಚಾದರೂ ನನ್ನ ಆಯ್ಕೆ 2009ರ ನಂತರದ್ದೇ. ಬೋರ್‌ಸ್ಕೋಪ್ ಚಿತ್ರಗಳು ಶುದ್ಧವಾಗಿದ್ದು, ಸರ್ವಿಸ್ ದಾಖಲೆ ಪೂರ್ತಿಯಿದ್ದರೆ ಮಾತ್ರ ಹಳೆಯದನ್ನು ಒಪ್ಪಬಹುದು.